ಕೆಲಸದ ನಡುವಿನ ಐದು ನಿಮಿಷ

ಗಡಿಯಾರ ನೋಡಿ ತೆಗೆದುಕೊಳ್ಳುವ ಸಣ್ಣ ವಿರಾಮಗಳಿಂದ ಕೆಲಸ ಹೆಚ್ಚು ಸಾಗುತ್ತದೆ ಎಂಬ ಮಾತಿಗೆ ಇಂದು ಅತಿ ಹೆಚ್ಚು ಪ್ರಚಾರ ಕೊಟ್ಟಿರುವುದು ಪೊಮೊಡೊರೊ ಪದ್ಧತಿ. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆಯ ಟೈಮರ್ ಇಟ್ಟುಕೊಂಡು ಇದನ್ನು ರೂಪಿಸಿದರು. 25 ನಿಮಿಷ ಒಂದೇ ಕೆಲಸ, ಆಮೇಲೆ 5 ನಿಮಿಷ ಬಿಡುವು. ಇಂಥ ನಾಲ್ಕು ಸುತ್ತು ಮುಗಿದರೆ ದೀರ್ಘ ವಿರಾಮ. ಮಣಿಪಾಲದಲ್ಲಿ ಪರೀಕ್ಷೆಗೆ ಓದುವವರಿಗೆ ಈ ಲೆಕ್ಕ ಸುಲಭವಾಗಿ ಹೊಂದೀತು. ಅಲ್ಲಿಂದ ಸ್ವಲ್ಪ ದೂರದ ಮಟ್ಟು ಗ್ರಾಮದ ಗುಳ್ಳದ (ಬದನೆಯ) ಗದ್ದೆಗೂ, ಆಸುಪಾಸಿನ ಮನೆಗಳ ಜಗಲಿಯಲ್ಲಿ ಬೀಡಿ ಕಟ್ಟುವ ಕೈಗಳಿಗೂ ಅದೇ ಲೆಕ್ಕ ಸಲ್ಲುತ್ತದೆಯೇ ಎಂದು ಕೇಳಿದಾಗ ವಿಷಯದ ಆಳ ತಿಳಿಯುತ್ತದೆ.

ದಣಿವು ಒಂದೇ ಬಗೆಯದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಾರ್ ಪರದೆ ಕಾಯುವವರ ಗಮನ ಏಕೆ ಜಾರುತ್ತದೆಂದು ತಿಳಿಯಲು ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ ಒಂದು ವಿಶೇಷ ಗಡಿಯಾರ ಬಳಸಿ ಪರೀಕ್ಷೆ ನಡೆಸಿದರು. ಅದರ ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿಯುತ್ತಿತ್ತು. ಅದನ್ನು ಗುರುತಿಸುವುದಷ್ಟೇ ಕೆಲಸ. ಮೊದಲ ಅರ್ಧ ಗಂಟೆಯಲ್ಲೇ ಜನ ತಪ್ಪತೊಡಗಿದರು. ಇದು ಗಮನದ ದಣಿವು. ಸ್ನಾಯುವಿನ ದಣಿವು ಬೇರೆ: ಒಂದೇ ಭಂಗಿಯಲ್ಲಿ ಬಿಗಿಹಿಡಿದ ಸ್ನಾಯುವಿಗೆ ರಕ್ತದ ಓಡಾಟ ಕುಗ್ಗುತ್ತದೆ. ಪರದೆ ನೋಡುವ ಕಣ್ಣು ರೆಪ್ಪೆ ಬಡಿಯುವುದು ಕಡಿಮೆಯಾಗಿ ಒಣಗುತ್ತದೆ. ಸ್ನಾಯು ಪೂರ್ತಿ ಸೋತ ಮೇಲೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುವುದರಿಂದ, ಸೋಲುವ ಮುನ್ನ ಸಿಗುವ ಎರಡು ನಿಮಿಷಕ್ಕೆ ಬೆಲೆ ಜಾಸ್ತಿ. ಸಣ್ಣ ವಿರಾಮದ ಪರವಾಗಿ ಇರುವ ಅತ್ಯಂತ ಗಟ್ಟಿಯಾದ ವಾದ ಇದೇ.

ಆದರೆ ಸಣ್ಣ ವಿರಾಮದಿಂದ ಎಲ್ಲವೂ ಸಾಧ್ಯವೆಂದು ಹೇಳಲು ಆಧಾರ ಸಾಲದು. ಹತ್ತು ನಿಮಿಷದೊಳಗಿನ ವಿರಾಮಗಳ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ರುಮೇನಿಯಾದ ಸಂಶೋಧಕರು 2022ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಇಂಥ ವಿರಾಮದಿಂದ ಹುರುಪು ಹೆಚ್ಚುತ್ತದೆ, ದಣಿವು ಇಳಿಯುತ್ತದೆ ಎಂಬುದು ಅದರಲ್ಲಿ ಸ್ಪಷ್ಟ. ಕೆಲಸದ ಗುಣ ಮತ್ತು ಪ್ರಮಾಣದಲ್ಲಿ ಮಾತ್ರ ಒಟ್ಟಾರೆ ಖಚಿತ ಏರಿಕೆ ಕಾಣಲಿಲ್ಲ. ತಲೆಗೆ ಹೆಚ್ಚು ಶ್ರಮ ಕೊಡುವ ಕೆಲಸಕ್ಕೆ ಹತ್ತು ನಿಮಿಷವೂ ಸಾಕಾಗದೆಂಬ ಸೂಚನೆ ಸಿಕ್ಕಿತು. ಜೊತೆಗೆ, ಅರ್ಧಕ್ಕೆ ಬಿಟ್ಟು ಎದ್ದ ಕೆಲಸ ಮನಸ್ಸಿನ ಒಂದು ಭಾಗವನ್ನು ಹಿಡಿದುಕೊಂಡೇ ಇರುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಹಾಗಾಗಿ ಲೆಕ್ಕಪತ್ರ ನೋಡುವವರು, ಪ್ರೋಗ್ರಾಂ ಬರೆಯುವವರು ಗಂಟೆ ಬಾರಿಸಿದ ಕ್ಷಣಕ್ಕೇ ಏಳುವುದಕ್ಕಿಂತ ಒಂದು ಹಂತ ಮುಟ್ಟಿಸಿ, ಮುಂದೇನು ಎಂದು ಒಂದು ಸಾಲು ಬರೆದಿಟ್ಟು ಎದ್ದರೆ ಲಾಭ. ಎದ್ದವರು ಮತ್ತೆ ಮೊಬೈಲ್ ಹಿಡಿದರೆ ಕಣ್ಣಿಗೂ ಕತ್ತಿಗೂ ಬಿಡುವೇ ಸಿಕ್ಕಿರುವುದಿಲ್ಲ.

ಗುಳ್ಳದ ಗದ್ದೆಯಲ್ಲಿ ಗಡಿಯಾರದ ಮಾತು ನಡೆಯುವುದು ಇನ್ನೂ ಕಡಿಮೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮಟ್ಟುಗುಳ್ಳ, ಕಟಪಾಡಿಯ ಪಕ್ಕ ಸಮುದ್ರಕ್ಕೂ ಹೊಳೆಗೂ ನಡುವಿನ ನೆಲದ ಬೆಳೆ. ಸಾಲು ಹಿಡಿದು ಬಗ್ಗಿ ಕಳೆ ಕೀಳುವವರು ಸಾಲು ಮುಗಿದಾಗ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ವಿರಾಮ ಕೆಲಸದೊಳಗೇ ಹೆಣೆದುಕೊಂಡಿದೆ. ಅದಕ್ಕಿಂತ ಮುಖ್ಯವಾದದ್ದು ಸೆಕೆ. ಕರಾವಳಿಯ ತೇವ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ. ಬೆವರು ಆರದೆ ಮೈ ತಂಪಾಗುವುದಿಲ್ಲ. ಡಿಸೆಂಬರಿನ ಮುಂಜಾನೆ ಒಂದು ಗಂಟೆ ಎಡೆಬಿಡದೆ ದುಡಿಯಬಲ್ಲ ದೇಹಕ್ಕೆ ಏಪ್ರಿಲಿನ ಮಧ್ಯಾಹ್ನ 25 ನಿಮಿಷವೂ ಹೆಚ್ಚಾಗಬಹುದು. ಇಲ್ಲಿ ಬಿಡುವಿನ ಅಳತೆ ನಿಗದಿಯಾಗಬೇಕಾದದ್ದು ನೆರಳು, ಕುಡಿಯುವ ನೀರು ಮತ್ತು ಬಿಸಿಲಿನಿಂದ. ಬೆಳಿಗ್ಗೆ ಬೇಗ ಇಳಿದು, ಬಿಸಿಲೇರುವ ಮುಂಚೆ ಹತ್ತಿ, ಸಂಜೆ ಮತ್ತೆ ಇಳಿಯುವ ರೂಢಿ ಯಾವ ಆ್ಯಪ್‌ಗಿಂತಲೂ ಹೆಚ್ಚು ವೈಜ್ಞಾನಿಕ.

ಬೀಡಿಯ ವಿಷಯ ಇವೆರಡಕ್ಕಿಂತ ಕಠಿಣ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಅದೆಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು, ಬೀಡಿ ಕಟ್ಟಿ, ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಮಜೂರಿ ಪಡೆಯುತ್ತಾರೆ. ಕತ್ತು ಬಗ್ಗಿಸಿ ನೆಲದಲ್ಲಿ ಕೂತ ಭಂಗಿ, ಬೆರಳುಗಳ ಎಡೆಬಿಡದ ಒಂದೇ ಚಲನೆ: ಸಣ್ಣ ವಿರಾಮದಿಂದ ಅತಿ ಹೆಚ್ಚು ಪ್ರಯೋಜನ ಇಂಥ ಕೆಲಸಕ್ಕೇ. ಆದರೆ ಅವರ ಪ್ರತಿ ಐದು ನಿಮಿಷದ ಬಿಡುವು ಅವರದೇ ಮಜೂರಿಯಿಂದ ಕಳೆದುಹೋಗುತ್ತದೆ. ಸಂಬಳದ ನೌಕರರು ಚಹಾಕ್ಕೆ ಎದ್ದರೆ ಸಂಬಳ ಕಡಿತವಾಗುವುದಿಲ್ಲ. ಐದು ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ಕೊಡಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತು. 1966ರ ಬೀಡಿ ಕಾರ್ಮಿಕರ ಕಾಯ್ದೆ ಬೀಡಿ ಕಾರ್ಖಾನೆಗಳಿಗೂ ಅಂಥದೇ ನಿಯಮ ತಂದಿತು. ಮನೆಯ ಜಗಲಿಯಲ್ಲಿ ಬಿಡುವಿನ ಗಂಟೆ ಬಾರಿಸುವವರಿಲ್ಲ. ನಡುನಡುವೆ ಎದ್ದು ಅನ್ನಕ್ಕಿಡುವುದು, ನೀರು ಸೇದುವುದು, ದನಕ್ಕೆ ಹುಲ್ಲು ಹಾಕುವುದು ವಿರಾಮವೆಂದು ಹೊರಗಿನವರಿಗೆ ಕಂಡೀತು. ಬೆರಳಿಗೆ ಅದರಿಂದ ಬಿಡುವು ಸಿಗುವುದು ನಿಜ, ದೇಹಕ್ಕೆ ಸಿಗುವುದಿಲ್ಲ.

ಹೀಗೆ ನೋಡಿದರೆ 25 ಮತ್ತು 5 ಎಂಬ ಸಂಖ್ಯೆಗಳಲ್ಲಿ ವಿಶೇಷ ಶಕ್ತಿಯೇನೂ ಇಲ್ಲ. ತನ್ನ ಹೊತ್ತಿನ ಮೇಲೆ ತನಗೇ ಹಕ್ಕಿರುವವರಿಗೆ ಅವು ಶುರುಮಾಡಲು ಒಳ್ಳೆಯ ಅಳತೆ, ಅಷ್ಟೆ. ರಾತ್ರಿ ನಿದ್ದೆಗೆಟ್ಟ ದೇಹಕ್ಕೆ, ಹನ್ನೆರಡು ಗಂಟೆಯ ದುಡಿಮೆಗೆ ಐದೈದು ನಿಮಿಷದ ತೇಪೆ ಹಾಕಿ ಪ್ರಯೋಜನವಿಲ್ಲ. ಕಾರ್ಖಾನೆಗಳ ಕಾಲಮಾಪನ ಶಾಸ್ತ್ರದಲ್ಲಿ ಒಂದು ಕೆಲಸಕ್ಕೆ ಬೇಕಾದ ಪ್ರಮಾಣಿತ ಸಮಯ ಲೆಕ್ಕಹಾಕುವಾಗ ದಣಿವಾರಿಸಿಕೊಳ್ಳುವ ಹೊತ್ತನ್ನೂ ಸೇರಿಸುವ ಪದ್ಧತಿ ಹಳೆಯದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಕೈಪಿಡಿಯೂ ಅದನ್ನೇ ಕಲಿಸುತ್ತದೆ. ಸಾವಿರ ಬೀಡಿಯ ಮಜೂರಿ ನಿಗದಿ ಮಾಡುವಾಗ ಬೆರಳು ಬಿಡಿಸಿ ಬೆನ್ನು ನೆಟ್ಟಗೆ ಮಾಡುವ ಹೊತ್ತೂ ಇದೇ ರೀತಿ ಲೆಕ್ಕಕ್ಕೆ ಬರಬೇಕು.