ಚಹಾ ಬಣ್ಣದ ನೀರು

ಮೊದಲ ಮಳೆ ಬಿದ್ದ ಮರುದಿನ ಸಾಮಿಲ್ಲಿನ ಹಿಂದಿನ ಹಳ್ಳದ ಬಳಿ ನಿಂತು ನೋಡಿ. ಮರದ ಹೊಟ್ಟಿನ ಗುಡ್ಡೆಯ ಅಡಿಯಿಂದ ಕಡು ಚಹಾದಂಥ ನೀರು ಜಿನುಗುತ್ತಿರುತ್ತದೆ. ಕೇಳಿದರೆ ಉತ್ತರ ಒಂದೇ: ‘ಮರ ತಾನೇ ಸ್ವಾಮಿ, ವಿಷವೇನಲ್ಲವಲ್ಲ.’ ಈ ಧಾಟಿ ನಮಗೆ ಹೊಸದಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಬಯಲಿಗೆ ನೀಲಗಿರಿ ಬಂದಾಗಲೂ ‘ಗಿಡ ತಾನೇ’ ಎಂದು ಸುಮ್ಮನಿದ್ದೆವು. ಹೊಸದಾಗಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಈಗಲೂ ಆ ಮರಗಳನ್ನು ಕಡಿದಲ್ಲೇ ತೊಗಟೆ ಸುಲಿದು, ದಿಮ್ಮಿಯನ್ನಷ್ಟೇ ಲಾರಿಗೇರಿಸಿ, ಸುಲಿದದ್ದನ್ನು ಮಳೆಗೆ ಬಿಟ್ಟು ಹೋಗುವುದು ರೂಢಿ.

ಬಾಳೆಕಾಯಿ ಹೆಚ್ಚಿದ ಈಳಿಗೆ ಕಪ್ಪಾಗುವುದು ಎಲ್ಲರ ಅಡುಗೆಮನೆಯಲ್ಲೂ ಕಂಡದ್ದೇ. ಕಾಯಿಯ ಒಗರು ಕಬ್ಬಿಣದೊಡನೆ ಕೂಡಿ ಬಂದ ಕಪ್ಪು ಅದು. ಆ ಒಗರು, ಅಂದರೆ ಟ್ಯಾನಿನ್, ಮರದ ತೊಗಟೆಯಲ್ಲಿ ದಂಡಿಯಾಗಿದೆ. ಚರ್ಮ ಹದ ಮಾಡುವವರು ತಂಗಡಿ ತೊಗಟೆಯನ್ನು ಅರಸುತ್ತಿದ್ದುದು ಅದಕ್ಕೇ. ಇಡೀ ದಿಮ್ಮಿ ತನ್ನ ರಸವನ್ನು ನಿಧಾನವಾಗಿ ಬಿಟ್ಟರೆ ಹೊಟ್ಟು ಒಮ್ಮೆಲೇ ಬಿಡುತ್ತದೆ. ಜೊತೆಗೆ ಫೀನಾಲ್ ಜಾತಿಯ ರಾಸಾಯನಿಕಗಳೂ ಸಕ್ಕರೆಯೂ ಇಳಿಯುತ್ತವೆ. ಕಂದು ನೀರು ಬಿಸಿಲಿನ ನೀಲಿ ಅಂಶವನ್ನು ಮೊದಲು ನುಂಗುತ್ತದೆ. ನೀರೊಳಗೇ ಬದುಕುವ ವ್ಯಾಲಿಸ್ನೇರಿಯಾದಂಥ ಸಸ್ಯಗಳಿಗೆ ಬೆಳಕೇ ಅನ್ನ. ಅವು ಆಳದಲ್ಲಿ ಮೊದಲು ಸೋತು ಅಂಚಿಗೆ ಸರಿಯುತ್ತವೆ. ಸಕ್ಕರೆ ತಿಂದು ಹೆಚ್ಚಿದ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನು ತೀರಿಸುತ್ತವೆ. ಕಲ್ಲಿನ ಮೇಲೆ ಬೂದು ಲೋಳೆ, ಬೆಳಗಿನ ಜಾವ ಬಾಯಿ ತೆರೆದು ಮೇಲೆ ಬರುವ ಮೀನು: ಗುರುತುಗಳು ಇಷ್ಟೇ. ಪಶ್ಚಿಮ ಘಟ್ಟದ ಹೊಳೆಗಲ್ಲುಗಳಿಗೆ ಕಚ್ಚಿಕೊಂಡು ಬೆಳೆಯುವ ಪೊಡೋಸ್ಟೆಮೇಸಿ ಕುಟುಂಬದ ಪುಟ್ಟ ಗಿಡಗಳಲ್ಲಿ ಹಲವು ಲೋಕದಲ್ಲಿ ಬೇರೆಲ್ಲೂ ಇಲ್ಲ. ಲೋಳೆ ಕೂರುವುದು ಅವುಗಳ ಜಾಗದಲ್ಲೇ.

ಹಳ್ಳಕ್ಕೆ ಉರುಳಿದ ಒಂದು ಮರದ ಮೇಲೆ ನಮ್ಮ ತಕರಾರಿಲ್ಲ. ಅದು ಮೀನಿಗೆ ಮರೆ, ಹುಳುವಿಗೆ ಮನೆ. ಹರಿವಿಲ್ಲದ ಕೆರೆಗೆ ಒಂದೇ ಮಳೆಯಲ್ಲಿ ಲಾರಿಗಟ್ಟಲೆ ಹೊಟ್ಟಿನ ರಸ ಇಳಿಯುವುದು ಬೇರೆ ಮಾತು.

ಔಷಧಿ ಹೀರಿಸಿದ ಮರದ್ದು ಇನ್ನೂ ಹೆಚ್ಚಿನ ಕಳವಳ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿ ಗೆದ್ದಲಿನಿಂದ ಮರ ಕಾಯುವ ವಿಧಾನವನ್ನು 1933ರಲ್ಲಿ ಕಂಡುಹಿಡಿದವರು ನಮ್ಮವರೇ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ. ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದನ್ನು ಅಮೆರಿಕದ ಉದ್ಯಮ 2003ರ ಕೊನೆಗೆ ಬಹುಮಟ್ಟಿಗೆ ಕೈಬಿಟ್ಟಿತು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಅಡಿಕೆ ಬೆಳೆಗಾರರಿಗೆ ಮೈಲುತುತ್ತದ ಗುಣ ಗೊತ್ತು. ಆ ತಾಮ್ರ ನೀರಿನ ಪಾಚಿಯನ್ನೂ ಬಿಡುವುದಿಲ್ಲ. ಲವಣ ಕಡಿಮೆಯಿರುವ ನೀರಿನಲ್ಲಿ ಅದರ ಕಾಟ ಹೆಚ್ಚು. ದ್ರಾವಣ ಮರದೊಳಗೆ ಕಚ್ಚಿಕೊಳ್ಳುವ ಮೊದಲೇ ಮಳೆಗೆ ಒಡ್ಡಿದರೆ ಸೋರುವುದು ಖಚಿತ.

ನೀರೊಳಗಿನ ಗಿಡ ಸತ್ತ ಕೆರೆ ಬರಿದಾಗಿ ಕಾಣುವುದಿಲ್ಲ. ಊರ ಬಚ್ಚಲು ನೀರೂ ಸೇರುವಲ್ಲಿ ಅಂತರಗಂಗೆ ಬರುತ್ತದೆ. ಮೇಲೆ ತೇಲುವ ಅದಕ್ಕೆ ನೀರಿನ ಬಣ್ಣದ ಹಂಗಿಲ್ಲ. ಕೆರೆ ಹಸಿರಾಯಿತೆಂದು ಊರು ನೆಮ್ಮದಿಯಾಗುತ್ತದೆ. ನಮಗೆ ಭಯ ಆ ನೆಮ್ಮದಿಯದ್ದೇ.

ಹೊಟ್ಟಿನ ಗುಡ್ಡೆಗೆ ಮಾಡು ಇರಲಿ. ಅದು ಹಳ್ಳದ ದಂಡೆಯಿಂದ ದೂರವಿರಲಿ. ಕೆರೆಯಂಗಳದ ತೊಗಟೆಯನ್ನು ಮೇ ಮುಗಿಯುವುದರೊಳಗೆ ಪಂಚಾಯಿತಿ ಎತ್ತಿಸಲಿ.

ರಸದ ಬಹುಪಾಲು ಮೊದಲ ಕೆಲವು ಮಳೆಗಳಲ್ಲೇ ಇಳಿದುಹೋಗುತ್ತದೆ.