ಹಾರ್ಮೋನ್ ಮಾತ್ರೆ: ಪೇಪರ್ ನೋಡಿ ನಿಲ್ಲಿಸಬೇಡಿ!

ಮುಟ್ಟು ನಿಲ್ಲುವ ಕಾಲದ ಕಷ್ಟಗಳನ್ನು ನಾವು ಹೆಂಗಸರು ಬಾಯಿಬಿಟ್ಟು ಹೇಳುವುದೇ ಕಡಿಮೆ. ಮಧ್ಯರಾತ್ರಿ ಮೈಯೆಲ್ಲ ಬೆವೆತು ಎದ್ದು ಕೂರುವುದು, ಒಲೆ ಮುಂದೆ ನಿಂತಾಗ ಇದ್ದಕ್ಕಿದ್ದಂತೆ ಮುಖಕ್ಕೆ ಬಿಸಿ ಏರುವುದು, ಕಾರಣವಿಲ್ಲದ ಸಿಡುಕು... 'ವಯಸ್ಸಾಯ್ತಲ್ಲ, ಇದ್ದದ್ದೇ' ಅಂತ ಸುಮ್ಮನಾಗುತ್ತೇವೆ. ತಡೆಯಲಾರದೆ ಡಾಕ್ಟರ ಸಲಹೆಯಂತೆ ಹಾರ್ಮೋನ್ ಚಿಕಿತ್ಸೆ ಅಂದರೆ ಎಚ್‌ಆರ್‌ಟಿ ತೆಗೆದುಕೊಳ್ಳುವವರೂ ನಮ್ಮ ಸಿ.ವಿ. ರಾಮನ್ ನಗರದಂಥ ಬಡಾವಣೆಗಳಲ್ಲಿ ಇದ್ದಾರೆ. ಅವರನ್ನು ಕಾಡುವ ಪ್ರಶ್ನೆ ಒಂದೇ: 'ಇದನ್ನು ನಿಲ್ಲಿಸುವುದು ಯಾವಾಗ, ಹೇಗೆ?'

ಈಗ ಈ ಮಾತು ಯಾಕೆ ಬಂತು ಅಂತೀರಾ? 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಘೋಷಣೆ ಮಾಡಿತು. ಈ ಔಷಧಗಳ ಮಾಹಿತಿ ಚೀಟಿಯಲ್ಲಿ ಕಪ್ಪು ಚೌಕಟ್ಟಿನೊಳಗೆ ಇರುತ್ತಿದ್ದ ಹೃದ್ರೋಗ, ಸ್ತನ ಕ್ಯಾನ್ಸರ್, ಮರೆವಿನ ಕಾಯಿಲೆಯ ಎಚ್ಚರಿಕೆಗಳನ್ನು ತೆಗೆಯುವುದಾಗಿ ಹೇಳಿತು.

ಆ ಚೌಕಟ್ಟಿನ ಹಿಂದಿನ ಕಥೆ 2002ರ ಜುಲೈನದು. ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ದೊಡ್ಡ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. ಎಷ್ಟು ಹೆಚ್ಚು? ವರ್ಷಕ್ಕೆ 10,000 ಮಹಿಳೆಯರಲ್ಲಿ 30 ಇದ್ದದ್ದು 38 ಆಗಿತ್ತು. ಅವರ ಸರಾಸರಿ ವಯಸ್ಸು 63! ಐವತ್ತರ ಆಸುಪಾಸಿನವರಿಗೂ ಅದೇ ಲೆಕ್ಕ ಹಿಡಿದು ಜಗತ್ತಿನಾದ್ಯಂತ ಎಷ್ಟೋ ಹೆಂಗಸರು ರಾತ್ರೋರಾತ್ರಿ ಮಾತ್ರೆ ಬಿಟ್ಟರು. ಆಗ ಹೆದರಿಕೆಯ ಸುದ್ದಿ, ಈಗ ಧೈರ್ಯದ ಸುದ್ದಿ. ಎರಡೂ ನಿಮ್ಮ ಹೆಸರಿಗೆ ಬರೆದ ಔಷಧ ಚೀಟಿಯಲ್ಲ.

<b>ಎಲ್ಲರಿಗೂ ಒಂದೇ ಗಡುವಿಲ್ಲ</b>

'ಐದು ವರ್ಷ ಆಯ್ತು, ಬಿಡಲೇಬೇಕು' ಎಂಬ ಕಟ್ಟುನಿಟ್ಟಿನ ನಿಯಮವಿಲ್ಲ. ವರ್ಷಕ್ಕೊಮ್ಮೆ ಡಾಕ್ಟರ ಜತೆ ಕೂತು ಲಾಭ–ಅಪಾಯ ತೂಗಿ ನೋಡಬೇಕು. ಸ್ತನ ಕ್ಯಾನ್ಸರ್ ಬಂದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರ ಲೆಕ್ಕವೇ ಬೇರೆ.

ಇನ್ನೊಂದು ಗುಂಪನ್ನು ನಾವು ಮರೆಯುತ್ತೇವೆ. ನಮ್ಮ ರಾಜ್ಯದಲ್ಲಿ ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡವರು ಕಡಿಮೆಯೇನಿಲ್ಲ. ಕಲಬುರಗಿಯ ತಾಂಡಾಗಳ ಹೆಣ್ಣುಮಕ್ಕಳಿಗೆ ಬೇಡದಿದ್ದರೂ ಈ ಆಪರೇಷನ್ ಮಾಡಿದ ಪ್ರಕರಣ 2015ರ ಹೊತ್ತಿಗೆ ದೊಡ್ಡ ಸುದ್ದಿಯಾಗಿತ್ತು. ಅಂಡಾಶಯವನ್ನೂ ತೆಗೆದಿದ್ದರೆ ಮೂವತ್ತೆಂಟಕ್ಕೇ ಮೆನೋಪಾಸ್! ಇಂಥವರಿಗೆ ಬೇರೆ ತೊಂದರೆ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡುವುದು ವಾಡಿಕೆ. ಅರವತ್ತರ ಪಕ್ಕದ ಮನೆಯಾಕೆ ಬಿಟ್ಟರೆಂದು ಇವರೂ ಬಿಟ್ಟರೆ ಮೂಳೆಗೂ ಹೃದಯಕ್ಕೂ ನಷ್ಟ. ನಿಮ್ಮ ಆಪರೇಷನ್‌ನಲ್ಲಿ ಏನೇನು ತೆಗೆದರು ಗೊತ್ತೇ? ಡಿಸ್ಚಾರ್ಜ್ ಚೀಟಿ ಹುಡುಕಿ ನೋಡಿ.

<b>ಬಿಡುವಾಗ ಗಮನಿಸಿ</b>

* ಡೋಸ್ ನಿಧಾನವಾಗಿ ಇಳಿಸಿದರೆ ಮೊದಲ ಕೆಲವು ತಿಂಗಳು ಬಿಸಿ, ಬೆವರಿನ ಕಾಟ ಕಡಿಮೆ. ದೀರ್ಘಕಾಲದಲ್ಲಿ ಒಮ್ಮೆಲೇ ಬಿಟ್ಟವರಿಗೂ ಇವರಿಗೂ ವ್ಯತ್ಯಾಸವಿಲ್ಲ. ಯಾವ ದಾರಿ ನಿಮಗೆ ಎಂಬುದನ್ನು ಡಾಕ್ಟರೇ ಹೇಳಲಿ.

* ಸುಮಾರು ಅರ್ಧದಷ್ಟು ಜನರಿಗೆ ಲಕ್ಷಣಗಳು ಮರಳಿ ಬರುತ್ತವೆ. ಅದು ಸೋಲಲ್ಲ, ಹೊಸ ರೋಗವೂ ಅಲ್ಲ. ಹಾರ್ಮೋನ್ ಅಲ್ಲದ ಔಷಧಗಳೂ ಇವೆ, ಕೇಳಿ.

* ಎರಡು ಮಾತ್ರೆ ಇದ್ದರೆ, ಗರ್ಭಕೋಶ ಇರುವವರು ಪ್ರೊಜೆಸ್ಟರಾನ್ ಒಂದನ್ನೇ ಬಿಟ್ಟು ಈಸ್ಟ್ರೊಜೆನ್ ಮುಂದುವರಿಸಬಾರದು. ಗರ್ಭಕೋಶದ ಒಳಪದರದ ಕ್ಯಾನ್ಸರಿನ ಭಯವಿದೆ. ಬರೀ ಈಸ್ಟ್ರೊಜೆನ್ ಇರುವ ಔಷಧಕ್ಕೆ ಈ ಎಚ್ಚರಿಕೆಯನ್ನು ಎಫ್‌ಡಿಎ ತೆಗೆಯುತ್ತಿಲ್ಲ.

* ಬಿಡಲು ಏಪ್ರಿಲ್ ಸೆಕೆಗಿಂತ ಡಿಸೆಂಬರ್ ಚಳಿ ಹಿತ. ಮಗಳ ಮದುವೆ, ಮಗನ ಪರೀಕ್ಷೆಯ ಗಡಿಬಿಡಿಯಲ್ಲಂತೂ ಬೇಡ.

* ಒಳಗಿನ ಒಣಗುವಿಕೆ, ಉರಿಗೆ ಹಚ್ಚುವ ಕಡಿಮೆ ಡೋಸಿನ ಕ್ರೀಮ್ ಬೇರೆ. ಮಾತ್ರೆ ಬಿಟ್ಟರೂ ಅದನ್ನು ಮುಂದುವರಿಸಬಹುದೇ ಎಂದು ಸಂಕೋಚಪಡದೆ ಕೇಳಿ.

* ಬಿಟ್ಟ ಮೇಲೆ ಮೂಳೆಗಿದ್ದ ರಕ್ಷಣೆ ಇಳಿಯುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಮುದ್ದೆ, ಮಜ್ಜಿಗೆ ಬಿಡಬೇಡಿ. ಬೆಳಗಿನ ವಾಕಿಂಗ್ ಜತೆಗಿರಲಿ.

ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ, ಎದೆಯಲ್ಲಿ ಗಂಟು ಸಿಕ್ಕರೆ, ಒಂದೇ ಕಾಲು ಊದಿ ನೋವಾದರೆ, ಉಸಿರು ಕಟ್ಟಿದರೆ 'ನಾಳೆ ನೋಡೋಣ' ಅನ್ನಬೇಡಿ. ಆ ದಿನವೇ ಆಸ್ಪತ್ರೆಗೆ ಹೋಗಿ.

ಮಾತ್ರೆ ಇಳಿಸುವ ದಿನಗಳಲ್ಲಿ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬಿಸಿ ಏರಿದ್ದು, ನಿದ್ದೆ ಕೆಟ್ಟದ್ದು ಗುರುತು ಹಾಕಿಡಿ. ಮುಂದಿನ ಸಲ ಡಾಕ್ಟರ ಮುಂದೆ ಅದನ್ನೇ ಇಡಿ. ಮನೆಯವರಿಗೂ ಹೇಳಿಬಿಡಿ: 'ಎರಡು ಮೂರು ತಿಂಗಳು ನಾನು ಸ್ವಲ್ಪ ಸಿಡುಕಬಹುದು, ಫ್ಯಾನ್ ಮಾತ್ರ ಆರಿಸಬೇಡಿ!'