ಬೆಕ್ಕಿನ ಹೊಟ್ಟೆ ಬೋಳಾಗುವುದು ಯಾಕೆ?



ನಮ್ಮ ಸೇಡಂ ಕಡೆ ಮನೆಯಲ್ಲಿ ತೊಗರಿ ಚೀಲ ಇರುವಷ್ಟು ದಿನ ಇಲಿ ತಪ್ಪುವುದಿಲ್ಲ, ಇಲಿ ಇರುವಷ್ಟು ದಿನ ಬೆಕ್ಕು ಬೇಕೇ ಬೇಕು. ಆದರೂ ಬೆಕ್ಕಿನ ಮೈಮೇಲೆ ನಮ್ಮ ಕಣ್ಣು ಹೋಗುವುದು ಕಡಿಮೆ. ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ಇಡೀ ಓಣಿಗೆ ಸುದ್ದಿ. ಬೆಕ್ಕಿನದು ಹಾಗಲ್ಲ, ಹೊಟ್ಟೆಯ ಕೂದಲೆಲ್ಲ ಹೋಗಿ ಗುಲಾಬಿ ಚರ್ಮ ಕಂಡ ದಿನವೇ ನಮಗೆ ಗೊತ್ತಾಗುವುದು. ಆಮೇಲೆ ಮನೆಯಲ್ಲಿ ಪಂಚಾಯಿತಿ ಕೂಡುತ್ತದೆ. "ದೃಷ್ಟಿ ಆಗ್ಯಾದ" ಎನ್ನುವವರು ಒಬ್ಬರು, "ಉಷ್ಣ ಆಗ್ಯಾದ, ಮಜ್ಜಿಗಿ ಹಾಕ್ರಿ" ಎನ್ನುವವರು ಇನ್ನೊಬ್ಬರು. ಕೂದಲು ಹಾಲಿನಾಗ ಬೀಳ್ತಾವ ಎಂದು ಅತ್ತೆಯವರು ಗೊಣಗಿದರೆ ಗಂಡಸರ ತೀರ್ಮಾನ ತಯಾರಾಗಿಯೇ ಇರುತ್ತದೆ: "ಚೀಲದಾಗ ಹಾಕಿ ಕಾಗಿಣಾ ಆಚಿ ಬಿಟ್ಟು ಬರ್ತೀನಿ ತಗೋ."

ಆ ಚೀಲದ ಬಾಯಿ ಕಟ್ಟುವ ಮೊದಲು ಒಂದು ಅರ್ಧ ತಾಸು ಬಿಡುವು ಮಾಡಿಕೊಂಡು ಬೆಕ್ಕನ್ನು ತೊಡೆಯ ಮೇಲೆ ಕೂಡಿಸಿಕೊಳ್ಳಿ. ಕಾರಣ ಹುಡುಕುವುದು ಅಷ್ಟೇನೂ ಕಷ್ಟವಲ್ಲ.

ಬೆಕ್ಕು ಮೈ ನೆಕ್ಕುವುದು ರೋಗವಲ್ಲ. ಎಚ್ಚರಿರುವ ಹೊತ್ತಿನಲ್ಲಿ ಸುಮಾರು ಕಾಲುಭಾಗ ಅದಕ್ಕೆ ಇದೇ ಕೆಲಸ. ಅದರ ನಾಲಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿವೆ. ನೆಕ್ಕುವುದು ಅಂದರೆ ಹಣಿಗೆಯಿಂದ ಬಾಚಿದಂತೆಯೇ. ಅದೇ ಜಾಗವನ್ನು ದಿನವೆಲ್ಲ ಬಾಚಿದರೆ ಕೂದಲು ತುಂಡಾಗುತ್ತದೆ. ಆದ್ದರಿಂದ ಮೊದಲು ತಿಳಿಯಬೇಕಾದದ್ದು, ಕೂದಲು ತಾನಾಗಿ ಉದುರಿತೋ, ಬೆಕ್ಕೇ ಕಿತ್ತಿತೋ ಎಂಬುದು. ಬೋಳಾದ ಜಾಗದ ಅಂಚಿನ ಮೇಲೆ ಬೆರಳನ್ನು ಕೂದಲಿಗೆ ಎದುರಾಗಿ ಎಳೆಯಿರಿ. ಮೂರು ದಿನದ ಗಡ್ಡದಂತೆ ಚುಚ್ಚಿದರೆ ಅದು ನಾಲಗೆಯ ಕೆಲಸ, ತುದಿ ಮುರಿದ ಕೂದಲು. "ನಮ್ಮ ಬೆಕ್ಕು ನೆಕ್ಕೋದು ನಾ ನೋಡೇ ಇಲ್ರಿ" ಅಂತೀರಾ? ಬಹಳ ಬೆಕ್ಕುಗಳು ಯಾರೂ ಇಲ್ಲದಾಗ, ಅಟ್ಟದ ಮೇಲೆ, ಮಂಚದ ಕೆಳಗೆ ನೆಕ್ಕುತ್ತವೆ. ವಾಂತಿಯಲ್ಲಿ, ಮಲದಲ್ಲಿ ಕೂದಲ ಉಂಡೆ ಕಂಡರೆ ಅದೇ ಸಾಕ್ಷಿ.

ಇನ್ನು ಯಾವ ಜಾಗ ಎಂಬುದು. ಬಾಲದ ಬುಡ, ಸೊಂಟ, ಹಿಂದೊಡೆ ಬೋಳಾಗಿದ್ದರೆ ನನ್ನ ಅನುಮಾನ ಮೊದಲು ಚಿಗಟದ ಮೇಲೆ. ಹೊಟ್ಟೆ ಬೋಳಾದರೂ ಚಿಗಟವನ್ನು ಬಿಡುವ ಹಾಗಿಲ್ಲ. "ಒಂದು ಚಿಗಟಾನೂ ಕಾಣೂದಿಲ್ಲ" ಎಂದು ಎಲ್ಲರೂ ಹೇಳುವ ಮಾತು. ಕಾಣುವುದು ಹೇಗೆ? ಬೆಕ್ಕು ಅವನ್ನು ನೆಕ್ಕಿ ನುಂಗಿಬಿಟ್ಟಿರುತ್ತದೆ. ಅಮೆರಿಕದಲ್ಲಿ ಚಿಗಟವಿದ್ದ ಮನೆಯೊಂದರಲ್ಲಿ ಕೆಲವು ಬೆಕ್ಕುಗಳ ಕೊರಳಿಗೆ ಬುಟ್ಟಿಯಂಥ ಪಟ್ಟಿ ಹಾಕಿ, ನೆಕ್ಕದಂತೆ ಮಾಡಿ ನೋಡಿದ್ದಾರೆ. 3 ವಾರ ಕಳೆಯುವಷ್ಟರಲ್ಲಿ ಅವುಗಳ ಮೈಮೇಲೆ ಉಳಿದ ಬೆಕ್ಕುಗಳಿಗಿಂತ ಸುಮಾರು ಎರಡರಷ್ಟು ಚಿಗಟ. ಚಿಗಟದ ಜೊಲ್ಲು ಒಗ್ಗದ ಬೆಕ್ಕಿಗೆ ಒಂದೆರಡು ಕಡಿತವೇ ಸಾಕು, ಮೈಯೆಲ್ಲ ತುರಿಕೆ.

ಪರೀಕ್ಷೆಗೆ ಖರ್ಚಿಲ್ಲ. ಹಳೆಯ ಬಿಳಿ ಧೋತರದ ತುಂಡೊಂದನ್ನು ಒದ್ದೆ ಮಾಡಿ ಹಾಸಿ, ಅದರ ಮೇಲೆ ಬೆಕ್ಕನ್ನು ನಿಲ್ಲಿಸಿ, ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆಯಿಂದ ಸೊಂಟದಿಂದ ಬಾಲದವರೆಗೆ ಬಾಚಿರಿ. ಕಪ್ಪು ಪುಡಿ ಉದುರುತ್ತದೆ. ಬರೀ ಮಣ್ಣಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಮಣ್ಣಾಗಿಯೇ ಉಳಿಯುತ್ತದೆ. ಚಿಗಟದ ಹೊಲಸಾಗಿದ್ದರೆ ಸುತ್ತ ಕೆಂಪು ಕಲೆ ಹರಡುತ್ತದೆ, ಅದು ಬೆಕ್ಕು ಕಳೆದುಕೊಂಡ ರಕ್ತ. ಬಾಲದ ಕೆಳಗೆ ಅಕ್ಕಿ ಕಾಳಿನಂಥ ತುಣುಕು ಅಂಟಿದ್ದರೆ ಅದೂ ಒಂದು ಗುರುತು. ಚಿಗಟ ನುಂಗಿದ ಬೆಕ್ಕಿನ ಹೊಟ್ಟೆಯಲ್ಲಿ ಲಾಡಿಹುಳ ಬೆಳೆಯುತ್ತದೆ.

ನಮ್ಮ ಪಕ್ಕದ ಮನೆಯ ವೈನಿಯವರದು ಪಟ್ಟೆ ಪಟ್ಟೆಯ ಹೆಣ್ಣು ಬೆಕ್ಕು. ಅವರ ಮಗಳನ್ನು ತಾಂಡೂರಿಗೆ ಕೊಟ್ಟರು. ಮದುವೆಯಾಗಿ ಎರಡು ತಿಂಗಳಿಗೆ ಬೆಕ್ಕಿನ ಹೊಟ್ಟೆ, ತೊಡೆ ಬೋಳು. ಆ ಬೆಕ್ಕು ಹುಡುಗಿಯ ಕಾಲ ಹತ್ತಿರವೇ ಮಲಗುತ್ತಿದ್ದದ್ದು. "ಮಗಳ ಚಿಂತಿ ಹಚಿಗೊಂಡಾದ ನೋಡ್ರಿ, ಮೂಕ ಪ್ರಾಣಿ" ಎಂದು ವೈನಿ ಕಣ್ಣೀರು ಹಾಕಿದರೆ ಓಣಿಯವರೆಲ್ಲ ಹೌದೆಂದರು. ನಾನು ಹಣಿಗೆ, ಬಿಳಿ ಬಟ್ಟೆ ತೆಗೆದುಕೊಂಡು ಹೋದೆ. ಬಟ್ಟೆ ತುಂಬ ಕೆಂಪು ಚುಕ್ಕೆ. ಬೆಕ್ಕು ಹಗಲೆಲ್ಲ ಮಲಗುತ್ತಿದ್ದದ್ದು ಮಗಳ ಕೋಣೆಯಲ್ಲಿ, ಅವಳು ಹೊದೆಯುತ್ತಿದ್ದ ಕೌದಿಯ ಮೇಲೆ. ಮಗಳ ವಾಸನೆ ಇದೆಯೆಂದು ವೈನಿ ಆ ಕೌದಿಯನ್ನು ಒಗೆದೇ ಇರಲಿಲ್ಲ. ಅದನ್ನು ಕುದಿನೀರಿಗೆ ಹಾಕುವಾಗ ಅವರ ಮುಖ ನೋಡಲು ನನಗೂ ಆಗಲಿಲ್ಲ. ದುಃಖ ವೈನಿಯದು, ತುರಿಕೆ ಬೆಕ್ಕಿನದು. ಎರಡಕ್ಕೂ ಗಂಟು ಬಿದ್ದಿತ್ತು, ಅಷ್ಟೇ.

ಇದನ್ನು ಹೇಳಲು ಕಾರಣವಿದೆ. ಬೆಕ್ಕು ಚಿಂತೆಯಿಂದಲೂ ಮೈ ನೆಕ್ಕಿಕೊಳ್ಳುತ್ತದೆ, ಸುಳ್ಳಲ್ಲ. ಆದರೆ ಆ ಮಾತಿಗೆ ಕೊನೆಗೆ ಬರಬೇಕು. 2006ರಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ, "ಇದು ಮನಸ್ಸಿನ ಕಾಯಿಲೆ" ಎಂದು ಭಾವಿಸಿದ್ದ 21 ಬೆಕ್ಕುಗಳನ್ನು ಪೂರ್ತಿ ತಪಾಸಣೆ ಮಾಡಿದರು. 16ಕ್ಕೆ ಮೈಯದೇ ಕಾರಣ ಸಿಕ್ಕಿತು. ಮೂರಕ್ಕೆ ಎರಡೂ ಕೂಡಿದ್ದವು. ಬರೀ ಮನಸ್ಸಿನದು ಎಂದು ಉಳಿದದ್ದು ಎರಡೇ ಎರಡು.

ಚಿಗಟವೆಂದು ಗೊತ್ತಾದರೆ ಬೆಕ್ಕಿನ ಮೈಗಿಂತ ಮನೆಯ ನೆಲದ ಕೆಲಸವೇ ಹೆಚ್ಚು. ಮೈಮೇಲಿನ ದೊಡ್ಡ ಚಿಗಟ ನೂರಕ್ಕೆ ಐದು ಪಾಲು, ಉಳಿದ ಮೊಟ್ಟೆ, ಮರಿ, ಗೂಡು ಎಲ್ಲ ಬೆಕ್ಕು ಮಲಗುವ ಜಾಗದಲ್ಲಿ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡಬಲ್ಲದು, ಅವು ಅಂಟಿಕೊಳ್ಳುವುದಿಲ್ಲ, ಕೆಳಗೆ ಉದುರುತ್ತವೆ. ನಮ್ಮ ಬೇಸಿಗೆಯ ಬಿಸಿಲಿನಲ್ಲಿ, ಬಯಲಿನಲ್ಲಿ, ಚಿಗಟದ ಮರಿ ಸತ್ತೇ ಹೋಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ಶಹಾಬಾದಿ ಫರಸಿ ಇದೆಯಲ್ಲ! ಮೇ ತಿಂಗಳಿನಲ್ಲೂ ತಂಪು, ದಿನಾ ಒರೆಸುವುದರಿಂದ ಸಂದಿನಲ್ಲಿ ಪಸೆ. ಚಿಗಟಕ್ಕೆ ಇದಕ್ಕಿಂತ ಸುಖದ ಜಾಗ ಬೇಕೇ? ನಮ್ಮೂರಿನ ಕಾರ್ಖಾನೆ 1998ರಲ್ಲೇ ನಿಂತರೂ ವಾಡಿ, ಮಳಖೇಡ, ಸೇಡಂ ಎಂದು ಸುತ್ತಲೂ ಸಿಮೆಂಟಿನ ಊರುಗಳೇ. ಆದರೂ ಅಡಿಗೆಮನೆಯ ಫರಸಿಯ ಸಂದು ತುಂಬಲು ನಮ್ಮ ಯಜಮಾನರಿಗೆ ಒಂದು ಬೊಗಸೆ ಸಿಮೆಂಟು ಸಿಕ್ಕಿಲ್ಲ.

ಸಂದುಗಳನ್ನು ಕಡ್ಡಿಯಿಂದ ಕೆದರಿ, ಗುಡಿಸಿ, ಆ ಕಸವನ್ನು ಸುಡಿರಿ ಅಥವಾ ಚೀಲಕ್ಕೆ ಕಟ್ಟಿ ದೂರ ಹಾಕಿರಿ. ಹಾಸಿಗೆ, ಕೌದಿ, ಗೋಣಿಚೀಲ ಬಿಸಿನೀರಿನಲ್ಲಿ ಒಗೆದು ಕಡು ಬಿಸಿಲಿಗೆ ಹಾಕಿರಿ. ಒಂದು ದಿನಕ್ಕೆ ಮುಗಿಯುವುದಿಲ್ಲ. ಗೂಡಿನೊಳಗಿನ ಚಿಗಟ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುತ್ತದೆ. ಮೂರು ತಿಂಗಳು ಬಿಡದೆ ಮಾಡಬೇಕು. ಬೆಕ್ಕಿಗೆ ಪಶುವೈದ್ಯರು ತೂಕ ನೋಡಿ ಹನಿ ಔಷಧ ಕೊಡುತ್ತಾರೆ. ಅದನ್ನು ನಾಲಗೆ ಮುಟ್ಟದ ಜಾಗ, ಕುತ್ತಿಗೆಯ ಹಿಂದೆ, ಚರ್ಮಕ್ಕೆ ಹಾಕುತ್ತಾರೆ. ಮನೆಯಲ್ಲಿ ನಾಯಿ, ಇನ್ನೊಂದು ಬೆಕ್ಕು ಇದ್ದರೆ ಎಲ್ಲಕ್ಕೂ ಅವವಕ್ಕೆ ತಕ್ಕ ಔಷಧ ಒಟ್ಟಿಗೇ ಆಗಬೇಕು.

ಈಗ ಕೈಮುಗಿದು ಹೇಳುವ ಮಾತು. ಬೆಕ್ಕಿನ ಮೈಗೆ ನೀವು ಏನು ಹಚ್ಚಿದರೂ ಅದು ಅದರ ಹೊಟ್ಟೆಗೆ ಹೋಗುತ್ತದೆ, ನೆಕ್ಕದೆ ಬಿಡುವುದಿಲ್ಲ. ಸೀಮೆಎಣ್ಣೆ ಬೇಡ, ಫಿನಾಯಿಲ್ ಬೇಡ, ಕರ್ಪೂರದ ಎಣ್ಣೆ ಬೇಡ, ಡಾಂಬರು ಗುಳಿಗೆಯ ಪುಡಿ ಬೇಡವೇ ಬೇಡ. ದನದ ಉಣ್ಣೆಗೆ ಹೊಡೆಯುವ ಔಷಧ, ನಾಯಿಗೆ ತಂದ ಚಿಗಟದ ಔಷಧ ಬೆಕ್ಕಿಗೆ ವಿಷ. ನಾಯಿಯ ಔಷಧಗಳಲ್ಲಿ ಬಹಳ ಸಲ ಪರ್ಮೆಥ್ರಿನ್ ಇರುತ್ತದೆ, ನಾಯಿ ಅದನ್ನು ತಡೆಯುತ್ತದೆ, ಬೆಕ್ಕಿಗೆ ನಡುಕ ಬಂದು ಸಾಯುತ್ತದೆ. ಮೈ ಬೆಚ್ಚಗಿದೆ ಎಂದು ಪ್ಯಾರಾಸಿಟಮಾಲ್ ಅರೆದು ಹಾಕುವವರೂ ಇದ್ದಾರೆ. ನಮ್ಮ ತಲೆನೋವಿನ ಆ ಒಂದೇ ಗುಳಿಗೆ ಬೆಕ್ಕಿನ ಜೀವ ತೆಗೆಯಬಲ್ಲದು. ಇಂಥವನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಪಿತ್ತಜನಕಾಂಗಕ್ಕೆ ಕಡಿಮೆ.

ಬಟ್ಟೆಯಲ್ಲಿ ಕೆಂಪು ಕಾಣದಿದ್ದರೆ ಬೇರೆ ಗುರುತು ನೋಡಬೇಕು. ದುಂಡಗೆ ಬೋಳಾಗಿ ಬೂದಿಯಂಥ ಹೊಟ್ಟು ಏಳುತ್ತಿದ್ದರೆ ಗಜಕರ್ಣ ಇರಬಹುದು. ಇದು ಮಕ್ಕಳಿಗೆ ಹತ್ತುವುದು ನಿಜ, ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಮಕ್ಕಳ ಕೈ, ಕುತ್ತಿಗೆ ನೋಡಿ. ಅವರಿಗೂ ಕಂಡರೆ ಅಂಗಡಿಯಿಂದ ಸ್ಟೆರಾಯ್ಡ್ ಬೆರೆತ ಟ್ಯೂಬು ತಂದು ಹಚ್ಚದೆ ವೈದ್ಯರಿಗೆ ತೋರಿಸಿ, ಆ ಟ್ಯೂಬಿನಿಂದ ಗಜಕರ್ಣ ಇನ್ನೂ ಹರಡುತ್ತದೆ. ಕಿವಿಯ ಅಂಚು, ಮುಖದ ಮೇಲೆ ದಪ್ಪ ಹಕ್ಕಳೆ ಕಟ್ಟಿದ್ದರೆ ಕಜ್ಜಿಯ ಹುಳ. ಇವೆರಡಕ್ಕೂ ಒಳ್ಳೆಯ ಔಷಧವಿದೆ.

ಗಂಡು ಬೆಕ್ಕು ಹೊಟ್ಟೆಯ ಕೆಳಭಾಗವನ್ನು, ಮೂತ್ರದ ಜಾಗವನ್ನು ಬಿಡದೆ ನೆಕ್ಕುತ್ತ, ಮತ್ತೆ ಮತ್ತೆ ಕೂತು ತಿಣುಕಿ, ಹನಿ ಮೂತ್ರವೂ ಬಾರದಿದ್ದರೆ ನಾಳೆ ಎನ್ನಬೇಡಿ. ಮೂತ್ರ ಕಟ್ಟಿದ ಬೆಕ್ಕು ಎರಡು ಮೂರು ದಿನದಲ್ಲಿ ಸಾಯುತ್ತದೆ. ಅದೇ ದಿನ, ಅದೇ ಹೊತ್ತು ವೈದ್ಯರಲ್ಲಿಗೆ ಒಯ್ಯಿರಿ. ಉಳಿದ ಎಲ್ಲ ಕಾರಣಗಳೂ ಒಂದು ವಾರ ಕಾದಾವು, ಇದು ಕಾಯುವುದಿಲ್ಲ.

ಊಟ ಒಗ್ಗದೆಯೂ ತುರಿಕೆ ಬರುತ್ತದೆ. ಮೇಲೆ ಹೇಳಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಕ್ಕುಗಳಿಗೆ ಇದೂ ಇತ್ತು. ಹಾಲು, ಮೀನು, ಕೋಳಿ, ಯಾವುದೂ ಆಗಬಹುದು. ಪರೀಕ್ಷೆ ಎಂದರೆ ಹಿಂದೆ ತಿನ್ನದ ಒಂದೇ ಬಗೆಯ ಆಹಾರವನ್ನು ವೈದ್ಯರನ್ನು ಕೇಳಿ ಆರಿಸಿ, 8 ವಾರ ಅದೊಂದನ್ನೇ ಕೊಡುವುದು. ನಮ್ಮ ಕಡೆ ಇದು ನಡೆಯುವುದು ಕಷ್ಟವೇ. ನಮ್ಮ ಬೆಕ್ಕು ನಮ್ಮಲ್ಲಿ ಒಂದು ಹೆಸರಿನಿಂದ ಹಾಲು ಕುಡಿದು, ಹಿಂದಿನ ಮನೆಯಲ್ಲಿ ಇನ್ನೊಂದು ಹೆಸರಿನಿಂದ ಮೀನು ತಿಂದು ಬರುತ್ತದೆ. ಓಣಿಯ ನಾಲ್ಕು ಮನೆಯವರು ಒಪ್ಪಿದರಷ್ಟೇ ಪಥ್ಯ. ಅಂದಹಾಗೆ, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವೂ ಆಗುವುದಿಲ್ಲ. ಹಾಲು ಇಟ್ಟ ಬಟ್ಟಲಿನ ಪಕ್ಕ ನೀರನ್ನಾದರೂ ಇಡಿ.

ಇದೆಲ್ಲ ನೋಡಿಯೂ ಏನೂ ಸಿಗದಿದ್ದಾಗ ಚಿಂತೆಯ ಮಾತು. ಮನೆಗೆ ಬಂದ ಹೊಸ ಬೆಕ್ಕು, ನಾಯಿ, ಕೂಸು, ಸುಣ್ಣಬಣ್ಣ, ಮನೆ ಬದಲಾವಣೆ, ಯಾವುದರಿಂದಲೂ ಆದೀತು. ಎತ್ತರದಲ್ಲೊಂದು ಗೂಡು ಬಿಟ್ಟುಕೊಡಿ, ಎರಡು ಬೆಕ್ಕಿದ್ದರೆ ಎರಡು ಬಟ್ಟಲು ದೂರದೂರ ಇಡಿ, ದಿನಕ್ಕೆ ಹತ್ತು ನಿಮಿಷ ದಾರದ ತುದಿಗೆ ಚಿಂದಿ ಕಟ್ಟಿ ಆಡಿಸಿ. ನೆಕ್ಕುವಾಗ ಗದರಬೇಡಿ, ಗದರಿದರೆ ಅಟ್ಟ ಹತ್ತಿ ಅಲ್ಲಿ ಇನ್ನಷ್ಟು ನೆಕ್ಕುತ್ತದೆ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬೆಕ್ಕಿನದೂ ಬರೆದಿಡಿ: ಬೋಳು ಕಂಡ ದಿನ, ಜಾಗ, ಔಷಧ ಹಾಕಿದ ದಿನ. ವೈನಿಯ ಬೆಕ್ಕಿಗೆ ಮೂರನೇ ವಾರಕ್ಕೆ ಹೊಟ್ಟೆಯ ಮೇಲೆ ಮಖಮಲ್ಲಿನಂಥ ಕೂದಲು ಕಂಡಿತು, ಪೂರ್ತಿ ತುಂಬಲು ಎರಡೂವರೆ ತಿಂಗಳು ಹಿಡಿಯಿತು. ಸೇಡಂ ಪಶು ಆಸ್ಪತ್ರೆಗೋ, ಹಟ ಹಿಡಿದ ಕಾಯಿಲೆಯಾದರೆ ಬೀದರಿನ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೋ ಒಯ್ಯುವಾಗ ಆ ಹಾಳೆಯ ಚಿತ್ರ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಮನೆಯಲ್ಲಿ ಏನೇನು ಹಚ್ಚಿದ್ದೀರಿ ಎಂಬುದನ್ನು ನಾಚಿಕೆಯಿಲ್ಲದೆ ಹೇಳಿ. ಬಸ್ಸಿನಲ್ಲಿ ಒಯ್ಯಲು ಮುಚ್ಚಳವಿರುವ ಬಿದಿರಿನ ಬುಟ್ಟಿ ಒಳ್ಳೆಯದು. ಒಳಗೆ ನಿಮ್ಮದೇ ಹಳೆ ಸೀರೆಯ ತುಂಡು ಹಾಸಿ, ಮುಚ್ಚಳವನ್ನು ಹಗ್ಗದಿಂದ ಎರಡು ಸುತ್ತು ಬಿಗಿಯಿರಿ.